ರಿಸ್ಕ್ ಅಂದರೆ ‘ಅಪಾಯ’ ಸಾಕೇ?

ಗೆಳೆಯರೇ, ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು.

ನಡುವಯಸ್ಸಿನವರಿಗೆ ಹೃದಯ ಮತ್ತು ರಕ್ತನಾಳದ ಕಾಯಿಲೆಯ ರಿಸ್ಕ್ ಎಷ್ಟಿದೆ ಅಂತ ತಿಳಿಸುವ ಕರಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎಲ್ಲರೂ ಬರೆಯುವ ಹಾಗೆ ನಾನೂ ‘ಅಪಾಯ’ ಅಂತಲೇ ಬರೆದೆ: ‘ಮುಂದಿನ 10 ವರ್ಷಗಳಲ್ಲಿ ನಿಮಗೆ ಶೇ 8ರಷ್ಟು ಅಪಾಯವಿದೆ.’ ಪರಿಚಯದ 52 ವರ್ಷದವರೊಬ್ಬರಿಗೆ ಓದಲು ಕೊಟ್ಟೆ. ಆ ಸಾಲಿನ ಮೇಲೆ ಬೆರಳಿಟ್ಟು, ‘ಅಂದ್ರೆ ನನ್ನ ಹೃದಯ ಆಗಲೇ ಎಂಟು ಪರ್ಸೆಂಟ್ ಕೆಟ್ಟಿದೆಯಾ?’ ಅಂದರು.

ಅವರ ತಪ್ಪೇನಿಲ್ಲ. ಅಪಾಯ ಅಂದಾಗ ಎದುರಿಗೆ ಬಂದು ನಿಂತ ಕೇಡು ಕಾಣುತ್ತದೆಯೇ ಹೊರತು ಲೆಕ್ಕ ಕಾಣುವುದಿಲ್ಲ. ಇಲ್ಲಿರುವುದು ಲೆಕ್ಕವೇ ಅಲ್ವಾ? ವಯಸ್ಸು, ಗಂಡೋ ಹೆಣ್ಣೋ, ಬಿಪಿ, ಕೊಲೆಸ್ಟರಾಲ್, ಸಕ್ಕರೆ ಕಾಯಿಲೆ, ಸಿಗರೇಟಿನ ಚಟ ಇವನ್ನೆಲ್ಲ ಸೇರಿಸಿ, ಇಂಥವರೇ 100 ಜನ ಇದ್ದರೆ 10 ವರ್ಷದೊಳಗೆ ಎಷ್ಟು ಮಂದಿಗೆ ಹೃದಯಾಘಾತವೋ ಪಾರ್ಶ್ವವಾಯುವೋ ಆಗಬಹುದು ಅನ್ನುವ ಅಂದಾಜು. (ಪಾರ್ಶ್ವವಾಯುವೂ ಸೇರುವುದರಿಂದ ಸುಮ್ನೆ ‘ಹೃದ್ರೋಗ’ ಅಂದರೂ ಸಾಲದು.)

‘ಗಂಡಾಂತರ’ ಜಾತಕದ ಮಾತಾಗುತ್ತದೆ. ‘ಸಂಭವನೀಯತೆ’ ಗಣಿತದ ಪುಸ್ತಕಕ್ಕೆ ಸರಿ. ‘ಸಾಧ್ಯತೆ’ ಹತ್ತಿರ ಬರುತ್ತದೆ, ಆದರೆ ಗೆಲ್ಲುವ ಸಾಧ್ಯತೆ ಅಂತಲೂ ಅನ್ನುತ್ತೇವಲ್ಲ, ಅದರಲ್ಲಿ ಎಚ್ಚರಿಕೆಯ ದನಿ ಇಲ್ಲ. ಕೊನೆಗೆ ಪದವನ್ನೇ ಬಿಟ್ಟು, ‘ನಿಮ್ಮಂಥ 100 ಜನರಲ್ಲಿ ಸುಮಾರು 8 ಮಂದಿಗೆ’ ಅಂತ ಬಿಡಿಸಿ ಬರೆದೆ. ಅದನ್ನು ಓದಿದವರೇ, ‘ಸಿಗರೇಟು ಬಿಟ್ರೆ ಈ ಎಂಟು ಕಡಿಮೆ ಆಗುತ್ತಾ?’ ಅಂತ ಕೇಳಿದರು. ಕೇಳಬೇಕಾದ ಪ್ರಶ್ನೆ ಅದೇ!

‘ರಿಸ್ಕ್ ಫ್ಯಾಕ್ಟರ್’ ಇನ್ನೂ ಕಷ್ಟ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 1948ರಲ್ಲಿ ಶುರುವಾದ ಹೃದ್ರೋಗದ ಅಧ್ಯಯನದಿಂದ ಈ ಮಾತು ಬಳಕೆಗೆ ಬಂತು. ನಾವು ‘ಅಪಾಯಕಾರಿ ಅಂಶ’ ಅನ್ನುತ್ತೇವೆ. ಸಿಗರೇಟಿಗೆ ಅದು ಒಪ್ಪುತ್ತದೆ, ಆದರೆ ವಯಸ್ಸಾಗುವುದನ್ನು, ಅಪ್ಪನಿಗೆ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ ಆಗಿದ್ದನ್ನು ಅಪಾಯಕಾರಿ ಅನ್ನಲು ನನಗೆ ಮನಸ್ಸು ಬರುತ್ತಿಲ್ಲ. ‘ಕಾಯಿಲೆಗೆ ಎಡೆಕೊಡುವ ಸಂಗತಿಗಳು’ ಅಂದರೆ ಹೇಗೆ?

‘ಹೈ ರಿಸ್ಕ್’ ಗುಂಪಿಗೆ ಮಾತ್ರ ಏನೂ ಹೊಳೆದಿಲ್ಲ. ‘ಹೆಚ್ಚು ಅಪಾಯದಲ್ಲಿರುವವರು’ ಅಂದರೆ ಆಗಲೇ ಐಸಿಯುನಲ್ಲಿ ಮಲಗಿರುವವರ ಹಾಗೆ ಕೇಳಿಸುತ್ತದೆ. ನೀವು ಮನೆಯಲ್ಲಿ, ಕ್ಲಿನಿಕ್ಕಿನಲ್ಲಿ ಇದನ್ನು ಹೇಗೆ ಹೇಳುತ್ತೀರಿ?