ಕಸ ಎಷ್ಟೋ ದುಡ್ಡು ಅಷ್ಟು: 24 ಮನೆಗಳ ಅಪಾರ್ಟ್‌ಮೆಂಟಿನಲ್ಲಿ ನಡೆಯುತ್ತದಾ?

ಹಿಂದವಾಡಿ ಮೂರನೇ ಮಹಡಿ (ಪ್ರಶ್ನೆ)

ನಮಸ್ಕಾರ ರೀ ಎಲ್ಲರಿಗೂ. ಬೆಳಗಾವಿ ಹಿಂದವಾಡಿಯಲ್ಲಿ ನಮ್ಮ ಅಪಾರ್ಟ್‌ಮೆಂಟ್, ಒಟ್ಟು 24 ಮನೆ. ಈ ವರ್ಷ ಸಂಘದ ಲೆಕ್ಕ ನೋಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಮನೆ ಬಾಗಿಲಿಂದ ಕಸ ಕೆಳಗೆ ತಂದು, ಬೇರೆ ಮಾಡಿ ಗಾಡಿಗೆ ಹಾಕಲು ಒಬ್ಬ ಅಕ್ಕ ಬರುತ್ತಾರೆ. ಅವರ ಪಗಾರ, ಬಕೆಟ್, ಫಿನೈಲ್, ಕಸ ಜಾಸ್ತಿ ಬಿದ್ದ ದಿನ ಟಂಟಂ ಬಾಡಿಗೆ ಎಲ್ಲ ಸೇರಿ ಮನೆಗೆ ತಿಂಗಳಿಗೆ 150 ರೂಪಾಯಿ. ಎಲ್ಲರಿಗೂ ಒಂದೇ.

ಹೋದ ತಿಂಗಳು ಆ ಅಕ್ಕನ ಅಂಗೈಗೆ ಗಾಜು ಹೊಕ್ಕು ಮೂರು ಹೊಲಿಗೆ ಬಿದ್ದವು. ಯಾವುದೋ ಮನೆಯವರು ಉಳಿದ ಅನ್ನ ಸಾರಿನ ಚೀಲದಲ್ಲೇ ಒಡೆದ ಲೋಟ ಹಾಕಿದ್ದರು. ಯಾರು ಅಂತ ಗೊತ್ತಾಗಲಿಲ್ಲ. ನನಗೆ ಬಹಳ ಬೇಜಾರಾಯಿತು. ಅವರು ಮತ್ತೆ ಕೆಲಸಕ್ಕೆ ಬಂದ ಮೇಲೆ ಎಂಟು ದಿನ ಬೆಳಿಗ್ಗೆ ಅವರ ಜೊತೆ ನಿಂತು ನೋಡಿದೆ. ಕೆಳಗಿನ ಮನೆಯ ಅಜ್ಜ ಅಜ್ಜಿಯದು ದಿನಕ್ಕೆ ಒಂದು ಬೊಗಸೆ ಕಾಯಿಪಲ್ಯೆ ಸಿಪ್ಪೆ, ಅದೂ ಬೇರೆ ಡಬ್ಬಿಯಲ್ಲಿ. ಎದುರಿನ ಮನೆಯದು ದಿನಾ ಎರಡು ಚೀಲ. ಪಾರ್ಸೆಲ್ ಡಬ್ಬಿ, ಅರ್ಧ ತಿಂದ ಚಪಾತಿ, ಬಾಟಲಿ, ಕೂದಲು ಎಲ್ಲ ಒಂದೇ ಕಡೆ. ಇವರಿಗೂ 150, ಅವರಿಗೂ 150.

ಕರೆಂಟ್ ಸುಟ್ಟಷ್ಟು ಬಿಲ್ ಕಟ್ಟುತ್ತೇವೆ ಅಲ್ವಾ. ಕಸಕ್ಕೂ ಹಾಗೇ ಯಾಕೆ ಮಾಡಬಾರದು? ಹೊರದೇಶಗಳಲ್ಲಿ ಹೀಗೆ ನಡೆಯುತ್ತದೆ ಅಂತ ಓದಿದ್ದೇನೆ. ಕಣ್ಣಾರೆ ನೋಡಿದವರು ಇದ್ದರೆ ಹೇಳಿ. ತೂಕ ಮಾಡಬೇಕಾ, ಚೀಲ ಎಣಿಸಬೇಕಾ? ಊಟದ ಕಸಕ್ಕೂ ದುಡ್ಡು ಹಾಕಬೇಕಾ? ಮತ್ತೆ ನಮ್ಮ ಹಿಂದೆ ಒಂದು ಖಾಲಿ ಸೈಟ್ ಇದೆ. ದುಡ್ಡು ಅಂದ ಕೂಡಲೇ ಜನ ರಾತ್ರಿ ಅಲ್ಲಿ ಎಸೆದುಬಿಟ್ಟರೆ ಅನ್ನುವುದೇ ನನ್ನ ದೊಡ್ಡ ಚಿಂತೆ.

ಗೋಕಾಕದ ಹುಡುಗ

ನಾನು ಕೆಲಸದ ಮೇಲೆ ಸಿಯೋಲ್‌ನಲ್ಲಿ ನಾಲ್ಕು ವರ್ಷ ಇದ್ದೆ. ದಿನಾ ಮಾಡಿದ್ದನ್ನೇ ಹೇಳುತ್ತೇನೆ.

ದಕ್ಷಿಣ ಕೊರಿಯಾದಲ್ಲಿ 1995ರ ಜನವರಿ 1ರಿಂದ ಇಡೀ ದೇಶಕ್ಕೆ ಈ ಪದ್ಧತಿ ಬಂತು. ಕಸ ಹಾಕಬೇಕಾದರೆ ನಿಮ್ಮ ಭಾಗದ ಆಡಳಿತದ ಹೆಸರು ಅಚ್ಚಾದ ಚೀಲವನ್ನೇ ಕೊಳ್ಳಬೇಕು. ಮನೆ ಹತ್ತಿರದ ಅಂಗಡಿಯಲ್ಲಿ ಹಾಲು ಬ್ರೆಡ್ ಜೊತೆಗೇ ಸಿಗುತ್ತದೆ. ಸಿಯೋಲ್‌ನಲ್ಲಿ 20 ಲೀಟರ್ ಚೀಲಕ್ಕೆ 490 ವಾನ್, ನಮ್ಮ ಲೆಕ್ಕದಲ್ಲಿ 30 ರೂಪಾಯಿ ಆಸುಪಾಸು. ಸಾಗಿಸುವ ಖರ್ಚು ಆ ಚೀಲದ ಬೆಲೆಯಲ್ಲೇ ಇರುತ್ತದೆ. ಆದರೆ ಪೇಪರ್, ಬಾಟಲಿ, ಡಬ್ಬಿ ಬೇರೆ ಮಾಡಿ ಇಟ್ಟರೆ ಅದಕ್ಕೆ ದುಡ್ಡಿಲ್ಲ. ಇದನ್ನು ಮಾತ್ರ ಮರೆಯಬೇಡಿ. ಜನ ದುಡ್ಡು ಉಳಿಸಲು ಎಸೆಯುವ ಚೀಲ ಸಣ್ಣದು ಮಾಡುತ್ತಾರೆ, ಅದಕ್ಕಾಗಿ ತಾವಾಗಿಯೇ ಕಸ ಬೇರೆ ಮಾಡುತ್ತಾರೆ. ಯಾರೂ ಬಂದು ಭಾಷಣ ಮಾಡಬೇಕಾಗಿಲ್ಲ.

ಊಟದ ಕಸದ ದಾರಿ ಬೇರೆ. 2005ರಿಂದ ಅದನ್ನು ನೇರವಾಗಿ ಭೂಮಿಯಲ್ಲಿ ಹೂಳುವ ಹಾಗಿಲ್ಲ. 2013ರಿಂದ ಅದಕ್ಕೂ ಹಾಕಿದಷ್ಟು ದುಡ್ಡು. ನಮ್ಮ ಅಪಾರ್ಟ್‌ಮೆಂಟ್ ಕೆಳಗೆ ಆರ್‌ಎಫ್‌ಐಡಿ ಪೆಟ್ಟಿಗೆ, ಅಂದರೆ ಮನೆಯ ಕಾರ್ಡ್ ಗುರುತಿಸುವ ಪೆಟ್ಟಿಗೆ ಇತ್ತು. ಕಾರ್ಡ್ ತೋರಿಸಿದರೆ ಮುಚ್ಚಳ ತೆರೆಯುತ್ತದೆ, ಸುರಿದ ಕೂಡಲೇ ಎಷ್ಟು ತೂಕ ಅಂತ ತೋರಿಸುತ್ತದೆ, ತಿಂಗಳ ಕೊನೆಗೆ ಮೆಂಟೆನೆನ್ಸ್ ಜೊತೆ ಬಿಲ್ ಬರುತ್ತದೆ. ಮೊದಲ ತಿಂಗಳು ನಾನು ಸಾರು ಸಮೇತ ಸುರಿಯುತ್ತಿದ್ದೆ. ಪಕ್ಕದ ಮನೆಯ ಹಿರಿಯ ಹೆಂಗಸು ನೋಡಿ, ಜರಡಿ ತಂದು ನೀರು ಬಸಿದು ತೋರಿಸಿದರು. ಊಟದ ಕಸದಲ್ಲಿ ಮುಕ್ಕಾಲಿಗಿಂತ ಜಾಸ್ತಿ ನೀರೇ. ಬಸಿದರೆ ಬಿಲ್ಲೂ ಇಳಿಯುತ್ತದೆ, ನಾತವೂ ಇಳಿಯುತ್ತದೆ.

ಒಂದು ವಿಷಯ ನನಗೆ ಕಲಿಯಲು ಬಹಳ ದಿನ ಬೇಕಾಯಿತು. ಉಳ್ಳಾಗಡ್ಡಿ ಸಿಪ್ಪೆ, ಮೊಟ್ಟೆ ಚಿಪ್ಪು, ಎಲುಬು, ಶೇಂಗಾ ಸಿಪ್ಪೆ ಇವೆಲ್ಲ ಅಲ್ಲಿ ಊಟದ ಕಸ ಅಲ್ಲ. ಊಟದ ಕಸದಿಂದ ಪ್ರಾಣಿಗಳ ಮೇವು ಮಾಡುತ್ತಾರೆ, ಗೊಬ್ಬರ ಮಾಡುತ್ತಾರೆ. ಹಾಗಾಗಿ ಪ್ರಾಣಿ ತಿನ್ನಲಾರದ್ದು ಮಾಮೂಲಿ ಚೀಲಕ್ಕೆ.

1995ರ ಹೊತ್ತಿಗೆ ಅಲ್ಲಿ ಊಟದ ಕಸದಲ್ಲಿ ಮರುಬಳಕೆ ಆಗುತ್ತಿದ್ದದ್ದು ಶೇಕಡಾ 2ರಷ್ಟು. ಈಗ ಶೇಕಡಾ 95ರ ಮೇಲಿದೆ. ಸಿಯೋಲ್ ಊರಿನ ಕಸವನ್ನೆಲ್ಲ 1978ರಿಂದ 1993ರವರೆಗೆ ನಾಂಜಿಡೊ ಅನ್ನುವ ಜಾಗಕ್ಕೆ ಸುರಿದು ಎರಡು ಗುಡ್ಡಗಳೇ ಎದ್ದಿದ್ದವು. ಅದನ್ನು ಮುಚ್ಚಿ 2002ರಲ್ಲಿ ಪಾರ್ಕ್ ಮಾಡಿದ್ದಾರೆ. ನಾನು ಆ ಗುಡ್ಡ ಹತ್ತಿದ್ದೇನೆ. ಕಾಲ ಕೆಳಗೆ ಹದಿನೈದು ವರ್ಷದ ಕಸ ಇದೆ ಅಂತ ನೆನೆದರೆ ಮೈ ಜುಮ್ ಅನ್ನುತ್ತದೆ. ನಮ್ಮ ಬೆಳಗಾವಿ ಕಸವೂ ಹೀಗೇ ಹತ್ತಿರದ ತುರಮುರಿ ಹಳ್ಳಿಗೆ ಹೋಗುತ್ತದೆ. ಅಲ್ಲೂ ಸುತ್ತ ಊರುಗಳಿವೆ, ಹೊಲಗಳಿವೆ, ಅಲ್ವಾ?

ಖಾಲಿ ಸೈಟಿನ ಚಿಂತೆ ನಿಜವೇ. ಕೊರಿಯಾದಲ್ಲೂ ಕದ್ದು ಎಸೆಯುವವರು ಇದ್ದಾರೆ. ಅದಕ್ಕೆ ಕ್ಯಾಮೆರಾ, 10 ಲಕ್ಷ ವಾನ್‌ವರೆಗೆ ದಂಡ. ನಿಮ್ಮಲ್ಲಿ ದಂಡಕ್ಕಿಂತ ಆ ಸೈಟನ್ನು ಮೊದಲೇ ಸ್ವಚ್ಛ ಮಾಡಿಬಿಡಿ. ಕಸ ಇರುವ ಜಾಗಕ್ಕೇ ಕಸ ಬೀಳುತ್ತದೆ.

ಅನಗೋಳದ ಸೊಸೆ

ಓದಿದೆ. ಒಳ್ಳೆಯ ವಿಚಾರ, ಆದರೆ ನನಗೆ ಸ್ವಲ್ಪ ಹೆದರಿಕೆ ಆಯಿತು, ಅದನ್ನು ನೇರವಾಗಿ ಹೇಳುತ್ತೇನೆ.

ನಮ್ಮ ಅತ್ತೆಯವರು ಹಾಸಿಗೆ ಹಿಡಿದು ಎರಡು ವರ್ಷ ಆಯಿತು. ದಿನಕ್ಕೆ ನಾಲ್ಕು ಡೈಪರ್. ಬೇಸಿಗೆಯಲ್ಲಿ ಐದು. ನಾನು ಪಾರ್ಸೆಲ್ ತರಿಸುವುದಿಲ್ಲ, ಅನ್ನ ಚೆಲ್ಲುವುದಿಲ್ಲ, ಆದರೂ ನಮ್ಮ ಮನೆಯ ಕಸದ ತೂಕ ಇಡೀ ಓಣಿಯಲ್ಲಿ ಜಾಸ್ತಿ. ತೂಕಕ್ಕೆ ದುಡ್ಡು ಅಂದರೆ ಮುದುಕರನ್ನು ನೋಡಿಕೊಂಡದ್ದಕ್ಕೆ ನಾನು ದಂಡ ಕಟ್ಟಿದ ಹಾಗೆ ಆಗುತ್ತದೆ. ಎಳೆ ಕೂಸು ಇರುವ ಮನೆಯವರದೂ ಇದೇ ಪಾಡು. ದಯವಿಟ್ಟು ಡೈಪರ್, ಪ್ಯಾಡ್ ಇವನ್ನು ಲೆಕ್ಕದಿಂದ ಪೂರ್ತಿ ಹೊರಗಿಡಿ. ಕಡಿಮೆ ದರ ಮಾಡ್ತೀವಿ ಅನ್ನುವುದೂ ಬೇಡ. ಕಡಿಮೆ ದರ ಕೇಳಲು ಮನೆಯ ಕಷ್ಟ ಎಲ್ಲರ ಮುಂದೆ ಹೇಳಬೇಕಾಗುತ್ತದೆ.

ಪುಣೆಯಲ್ಲಿ ನನ್ನ ತಂಗಿ ಇದ್ದಾಳೆ. ಅಲ್ಲಿ ಸ್ವಚ್ಛ್ ಅಂತ ಕಸ ಆಯುವವರೇ ಸೇರಿ ಕಟ್ಟಿದ ಸಹಕಾರಿ ಸಂಘ ಇದೆ, 2008ರಿಂದ ಅವರೇ ಮನೆ ಮನೆಗೆ ಬರುತ್ತಾರೆ. ಡೈಪರ್ ಪ್ಯಾಡ್‌ಗಳನ್ನು ಪೇಪರಿನಲ್ಲಿ ಸುತ್ತಿ ಮೇಲೆ ಒಂದು ಕೆಂಪು ಚುಕ್ಕೆ ಹಾಕಿ ಬೇರೆ ಕೊಡಬೇಕು. ಬಿಚ್ಚಿ ನೋಡುವ ಕರ್ಮ ಅವರಿಗೆ ಬರಬಾರದು ಅಂತ. ದೇಶದ ಕಸದ ನಿಯಮಗಳಲ್ಲೂ ಸುತ್ತಿಯೇ ಕೊಡಬೇಕು ಅಂತ ಇದೆ. ನಾನು ಈಗ ಹಾಗೇ ಮಾಡುತ್ತೇನೆ. ಹಳೇ ಪೇಪರು, ಒಂದು ಕೆಂಪು ಸ್ಕೆಚ್ ಪೆನ್, ಅಷ್ಟೇ ಖರ್ಚು.

ಆ ಅಕ್ಕನ ಕೈ ಈಗ ಹೇಗಿದೆ? ಅವರು ಮನೆಯಲ್ಲಿ ಕೂತ ದಿನಗಳ ಪಗಾರ ಕೊಟ್ಟಿರಾ?

ಗುಮ್ಮಟದೂರಿನವನು

ವಿಜಯಪುರದಿಂದ. ನಮ್ಮ ಲೇಔಟಿನಲ್ಲಿ ಇದನ್ನು ಮಾಡಿ ಕೆಟ್ಟಿದ್ದೇವೆ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ತಕ್ಕಡಿ ತಂದೆವು. ಕಿಲೋಗೆ ಇಷ್ಟು ಅಂತ ಮೊದಲ ದಿನದಿಂದಲೇ ದರ ಹಾಕಿದೆವು. ಕಸ ತೆಗೆದುಕೊಳ್ಳುವ ಹುಡುಗನಿಗೇ ವಹಿ ಕೊಟ್ಟು ಬರೆದುಕೋ ಅಂದೆವು. ಅಲ್ಲೇ ತಪ್ಪಿದ್ದು. ಎರಡೇ ವಾರದಲ್ಲಿ ಜನ ಅವನ ಮೇಲೆ ಹರಿಹಾಯ್ದರು. "ನಿನ್ನೆ ಒಂದು ಕಿಲೋ ಎಲ್ಲಿತ್ತು, ಸುಳ್ಳು ಬರೀತೀಯಾ" ಅಂತ. ಅವನು ಪಾಪ ಕೆಲಸ ಬಿಟ್ಟು ಹೋದ. ಲೆಕ್ಕ ಬರೆಯುವ ಕೆಲಸವನ್ನು ಕಸ ತೆಗೆಯುವವರ ತಲೆಗೆ ಯಾವತ್ತೂ ಕಟ್ಟಬೇಡಿ, ಆ ಜಗಳ ಸಂಘದವರು ಹೊರಬೇಕು.

ಎರಡನೇ ತಪ್ಪು. ಪೂರ್ತಿ ಪಗಾರ ಕಸದ ದುಡ್ಡಿನಿಂದಲೇ ಬರಬೇಕು ಅಂತ ಮಾಡಿದ್ದೆವು. ಕಸ ಕಡಿಮೆ ಆದರೆ ದುಡ್ಡೂ ಕಡಿಮೆ. ಕಸ ಇಳಿದದ್ದಕ್ಕೆ ಆ ಹುಡುಗನ ಪಗಾರಕ್ಕೆ ಕೊರತೆ ಬಿತ್ತು! ಆದ್ದರಿಂದ ಪಗಾರದಷ್ಟು ದುಡ್ಡು ಎಲ್ಲ ಮನೆಗಳಿಂದ ಸಮವಾಗಿ ತೆಗೆದುಕೊಳ್ಳಿ. ಅದರ ಮೇಲಿನ ಸ್ವಲ್ಪ ಮಾತ್ರ ಕಸದ ಲೆಕ್ಕಕ್ಕೆ ಇರಲಿ.

ತಕ್ಕಡಿಗಿಂತ ಬಕೆಟ್ ಎಣಿಸುವುದು ಸುಲಭ. ಅಮೆರಿಕದ ಸಿಯಾಟಲ್‌ನಲ್ಲಿ 1981ರಿಂದ ಡಬ್ಬಿಯ ಲೆಕ್ಕದಲ್ಲಿ ದುಡ್ಡು. ಒಂದೇ ಡಬ್ಬಿಯಲ್ಲಿ ಹಿಡಿಸಲು ಜನ ಕಸವನ್ನು ಕಾಲಿನಿಂದ ತುಳಿದು ತುಂಬುತ್ತಿದ್ದರಂತೆ, ಅದಕ್ಕೆ ಅಲ್ಲಿ ಒಂದು ಹೆಸರೇ ಬಿದ್ದಿದೆ. ತುಳಿದರೆ ತುಳಿಯಲಿ, ನಿಮ್ಮದು 24 ಮನೆ.

ಬೆಂಗಳೂರಿನಲ್ಲಿ 2025ರ ಏಪ್ರಿಲ್‌ನಿಂದ ಕಸಕ್ಕೆ ತಿಂಗಳಿಗೆ 10ರಿಂದ 400 ರೂಪಾಯಿವರೆಗೆ ಶುಲ್ಕ ಬಂದಿದೆ, ಆದರೆ ಅದು ಕಟ್ಟಡದ ಅಳತೆಯ ಮೇಲೆ. ದೊಡ್ಡ ಮನೆಯವರು ಕಸ ಕಡಿಮೆ ಮಾಡಿದರೂ ಅಷ್ಟೇ, ಜಾಸ್ತಿ ಮಾಡಿದರೂ ಅಷ್ಟೇ. ಊರಿಗೆ ಊರೇ ಅಳೆಯುವುದು ಕಷ್ಟ, ಒಪ್ಪುತ್ತೇನೆ. ನೀವು ಅಳೆಯಬಹುದು.

ಕಬ್ಬಿನ ರವದಿ

ನಾನು ಮುಧೋಳ ಕಡೆಯವನು, ಈಗ ಬೆಳಗಾವಿಯಲ್ಲೇ ಇದ್ದೇನೆ. ಊಟದ ಕಸಕ್ಕೆ ದುಡ್ಡು ಹಾಕಬೇಕಾ ಅಂತ ಕೇಳಿದ್ದೀರಿ. ನನ್ನ ಮಾತು ಇಷ್ಟೇ: ಹಸಿ ಕಸ ನಿಮ್ಮ ಗೇಟ್ ದಾಟಲೇಬಾರದು.

ನಮ್ಮ ಅವ್ವ ಮುಸುರೆಯನ್ನು ಎಮ್ಮೆಗೆ ಹಾಕುತ್ತಿದ್ದಳು, ಉಳಿದದ್ದು ತಿಪ್ಪೆಗೆ. ಕಸ ಅನ್ನುವ ಮಾತೇ ಇರಲಿಲ್ಲ, ಅದು ಮುಂದಿನ ವರ್ಷದ ಗೊಬ್ಬರ. ಅದೇ ಸಿಪ್ಪೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಗುಡ್ಡದ ಕೆಳಗೆ ಹೂತರೆ, ಗಾಳಿ ಇಲ್ಲದೆ ಕೊಳೆತು ಮೀಥೇನ್ ಆಗುತ್ತದೆ. ಅದು ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಎಷ್ಟೋ ಪಟ್ಟು ಜೋರು. ಕಸದ ರಾಶಿಗೆ ಬೆಂಕಿ ಬೀಳುವುದಕ್ಕೂ ಇದು ಒಂದು ಕಾರಣ. ಗಾಳಿ ಆಡುವ ಹಾಗೆ ಕೊಳೆಸಿದರೆ ಆ ತೊಂದರೆ ಇಲ್ಲ. ವ್ಯತ್ಯಾಸ ಗಾಳಿಯದು.

ಮನೆಗೆ ದಿನಕ್ಕೆ ಅರ್ಧ ಕಿಲೋ ಹಿಡಿದರೆ ನಿಮ್ಮಲ್ಲಿ 12 ಕಿಲೋ. ಅದಕ್ಕೆ 200 ಲೀಟರಿನ ಆರು ಡ್ರಮ್ ಸಾಕು. ತಳಕ್ಕೆ ಮತ್ತು ಪಕ್ಕಕ್ಕೆ ತೂತು ಹಾಕಿ, ಇಟ್ಟಿಗೆ ಮೇಲೆ ನಿಲ್ಲಿಸಿ. ತಳದಲ್ಲಿ ಒಂದು ಗೇಣು ಒಣಗಿದ ಎಲೆ ಅಥವಾ ರವದಿ, ಅಂದರೆ ಕಬ್ಬಿನ ಒಣ ಗರಿ. ಆಮೇಲೆ ಒಂದು ಬಕೆಟ್ ಹಸಿ ಕಸ, ಅದರ ಮೇಲೆ ಒಂದು ಬಕೆಟ್ ರವದಿ. ರವದಿಯನ್ನು ಬೆರಳುದ್ದ ಕತ್ತರಿಸಿರಬೇಕು. ಮೊದಲ ಸಲ ಒಂದಿಷ್ಟು ಸಗಣಿ ನೀರು ಅಥವಾ ಹುಳಿ ಮಜ್ಜಿಗೆ ಚಿಮುಕಿಸಿ. ನಾಲ್ಕು ದಿನಕ್ಕೊಮ್ಮೆ ಕೋಲಿನಿಂದ ತಿರುವಿ. ಎಂಟು ಹತ್ತು ದಿನಕ್ಕೆ ಒಂದು ಡ್ರಮ್ ತುಂಬುತ್ತದೆ, ಆರನೆಯದು ತುಂಬುವ ಹೊತ್ತಿಗೆ ಮೊದಲನೆಯದು ಕಪ್ಪಗೆ ಮಣ್ಣಿನ ವಾಸನೆ ಬಂದಿರುತ್ತದೆ.

ನಾತ ಬಂದರೆ ನೀರು ಜಾಸ್ತಿ ಅಂತ ಅರ್ಥ, ರವದಿ ಹಾಕಿ. ಒಂದು ಹಿಡಿ ತೆಗೆದು ಹಿಂಡಿ ನೋಡಿ, ಕೈ ಒದ್ದೆ ಆಗಬೇಕು, ನೀರು ತೊಟ್ಟಿಕ್ಕಬಾರದು. ಬೆಳಗಾವಿ ಮಳೆ ನಿಮಗೇ ಗೊತ್ತು. ಜೂನ್‌ನಿಂದ ಮೂರು ನಾಲ್ಕು ತಿಂಗಳು ಡ್ರಮ್ ಮೇಲೆ ತಗಡು ಇರಲೇಬೇಕು, ರವದಿ ಒಂದೂವರೆ ಬಕೆಟ್ ಹಾಕಬೇಕು. ರವದಿಯನ್ನು ಬೇಸಿಗೆಯಲ್ಲೇ ತಂದು ಒಳಗೆ ಒಟ್ಟಿಕೊಳ್ಳಿ. ಬಿಳಿ ಹುಳ ಕಂಡರೆ ಹೌಹಾರಬೇಡಿ, ಅವೂ ಕೆಲಸ ಮಾಡುತ್ತಿರುತ್ತವೆ. ಎಲುಬು, ಮೀನು, ಎಣ್ಣೆ ಜಿಡ್ಡು ಬೇಡ, ನಾಯಿ ಇಲಿ ಬರುತ್ತವೆ.

ಸುತ್ತ ಇಷ್ಟು ಕಬ್ಬು ಬೆಳೆಯುತ್ತೇವೆ, ಕಟಾವು ಆದ ಮೇಲೆ ರವದಿಗೆ ಹೊಲದಲ್ಲೇ ಬೆಂಕಿ ಇಡುತ್ತಾರೆ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ಊರಿನ ಹಸಿ ಕಸಕ್ಕೂ ಆ ರವದಿಗೂ ಗಂಟು ಹಾಕಿದರೆ ಎರಡೂ ಕಡೆ ಸುಡುವುದು ನಿಲ್ಲುತ್ತದೆ.

ಹಿಂದವಾಡಿ ಮೂರನೇ ಮಹಡಿ

ಎಲ್ಲರಿಗೂ ಬಹಳ ಉಪಕಾರ ಆಯಿತು ರೀ. ನಿನ್ನೆ ರಾತ್ರಿ ಕೂತು ಲೆಕ್ಕ ಹಾಕಿದೆ.

ಮನೆಗೆ 120 ರೂಪಾಯಿ ಸಮವಾಗಿ. 24 ಮನೆಗೆ 2,880 ಆಯಿತು, ಅಕ್ಕನ ಪಗಾರ 2,800 ಅದರಲ್ಲೇ ಬಂತು, ಕಸ ಏರಲಿ ಇಳಿಯಲಿ ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಹಸಿ ಕಸ ಬೇರೆ ಕೊಟ್ಟರೆ ದುಡ್ಡಿಲ್ಲ, ಡ್ರಮ್ಮಿಗೆ ಹೋಗುತ್ತದೆ. ಪೇಪರ್ ಬಾಟಲಿಗೆ ದುಡ್ಡಿಲ್ಲ, ರದ್ದಿ ಮಾರಿದ್ದು ಅಕ್ಕನಿಗೇ. ಕೆಂಪು ಚುಕ್ಕೆಯ ಪೊಟ್ಟಣಕ್ಕೆ ದುಡ್ಡಿಲ್ಲ, ಯಾರ ಮನೆಯದು ಅಂತ ಕೇಳುವುದೂ ಇಲ್ಲ. ಕಲಸಿದ ಕಸಕ್ಕೆ ಮಾತ್ರ ಬಕೆಟ್ಟಿಗೆ 10 ರೂಪಾಯಿ. ಕೊರಿಯಾದ ಹಾಗೆ ಚೀಲ ಮಾರುವುದು ಬೇಡ ಅನಿಸಿತು, ಮತ್ತೆ ಪ್ಲಾಸ್ಟಿಕ್ ತಂದ ಹಾಗೆ ಆಗುತ್ತದೆ. ಬದಲಿಗೆ ಚೀಟಿ. ನನ್ನ ಹತ್ತಿರ ಕೊಂಡು ಬಕೆಟ್ ಹಿಡಿಗೆ ಸಿಕ್ಕಿಸಿದರೆ ಅಕ್ಕ ಒಯ್ಯುತ್ತಾರೆ, ಬರೆಯುವುದು ಏನೂ ಇಲ್ಲ. ಚೀಟಿ ಇಲ್ಲದ ಬಕೆಟ್ ಇದ್ದರೆ ಹೋಗಿ ಮಾತಾಡುವವನು ನಾನು. ಮೊದಲ ಎರಡು ತಿಂಗಳು ಚೀಟಿ ಪುಕ್ಕಟೆ, ಯಾವ ಮನೆಯಿಂದ ಎಷ್ಟು ಬರುತ್ತದೆ ಅಂತ ಅವರಿಗೇ ಗೊತ್ತಾಗಲಿ.

ಅನಗೋಳದ ಅಕ್ಕಾ, ಕೈ ವಾಸಿ ಆಗಿದೆ. ಆದರೆ ಆ ಒಂಬತ್ತು ದಿನದ ಪಗಾರ ಕೊಟ್ಟಿರಲಿಲ್ಲ. ನೀವು ಕೇಳುವವರೆಗೆ ನನಗೆ ಹೊಳೆದೇ ಇರಲಿಲ್ಲ, ತಪ್ಪಾಯಿತು. ಇವತ್ತು ಬೆಳಿಗ್ಗೆ ಕೊಟ್ಟೆ, ದಪ್ಪನೆಯ ಎರಡು ಜೊತೆ ಕೈಗವಸೂ ತಂದುಕೊಟ್ಟೆ.

ಭಾನುವಾರ ಸಂಘದ ಸಭೆ. ರವದಿ ಅಣ್ಣಾ, ಎರಡು ಚೀಲ ರವದಿ ಸಿಗುತ್ತದಾ? ಸಭೆಯಲ್ಲೇ ಒಂದು ಡ್ರಮ್ ಕಟ್ಟಿ ತೋರಿಸಬೇಕು ಅಂತ ಇದೆ.

ಕಬ್ಬಿನ ರವದಿ

ಶನಿವಾರ ಸಂಜೆ ನಾನೇ ತರುತ್ತೇನೆ. ಡ್ರಮ್ಮಿಗೆ ತೂತು ಹಾಕಿ ಇಟ್ಟಿರಿ. ಕೆಳಗಿನ ಮನೆ ಅಜ್ಜ ಅಜ್ಜಿಗೆ ಹೇಳಿ, ಮೊದಲ ಡಬ್ಬಿ ಸಿಪ್ಪೆ ಅವರ ಕೈಯಿಂದಲೇ ಬೀಳಲಿ.