9 ಸೆಕೆಂಡಲ್ಲಿ 3 ಜಗಳ, ನಾಲ್ಕನೇದು ನಮ್ಮ ಬ್ಯಾಚ್ ಗ್ರೂಪಲ್ಲಿ

ಗುಂಡ ಟೊರಾಂಟೊ: 📹 2025 ಫೆಬ್ರವರಿ, ಮಾಂಟ್ರಿಯಲ್, ಅಮೆರಿಕಾ-ಕೆನಡಾ ಐಸ್ ಹಾಕಿ. ಮ್ಯಾಚ್ ಶುರುವಾಗಿ 9 ಸೆಕೆಂಡಿಗೆ 3 ಫೈಟ್. ನೋಡ್ರೋ

ಪೂವಿ ಮಡಿಕೇರಿ: ಇದ್ಯಾವ ಹಾಕಿ ಮಾರಾಯ, ಸ್ಟಿಕ್ ಕೆಳಗೆ ಬಿದ್ದಿದೆ ಇವ್ರು ಕೊರಳಪಟ್ಟಿ ಹಿಡ್ಕೊಂಡಿದಾರೆ. ಗರಡಿಮನೆ ಅನ್ನು

ಗುಂಡ ಟೊರಾಂಟೊ: ಅದಕ್ಕೆ 5 ನಿಮಿಷ ಹೊರಗೆ ಕೂರಿಸ್ತಾರಪ್ಪ. ಮೊದಲು ಕೈ ಮಾಡಿದ್ನಲ್ಲ ಅವನು ಅಮೆರಿಕಾದ ಮ್ಯಾಥ್ಯೂ ಕಚಕ್, ಬರೀ ರೌಡಿ ಅನ್ಕೋಬೇಡ, ಎರಡು ಸೀಸನ್ 104, 109 ಪಾಯಿಂಟ್ ಮಾಡಿರೋನು, ಗೋಲು ಅಸಿಸ್ಟು ಸೇರಿ

ಶೈಲಾ ಬಾಸ್ಟನ್: ಕಚಕ್ 😂😂 ಕೊತ್ತಂಬರಿ ಸೊಪ್ಪು ಹೆಚ್ಚಿದ ಹಾಗಿದೆ

ಪೂವಿ ಮಡಿಕೇರಿ: ಪಾಯಿಂಟ್ ಮಾಡೋ ಕೈ ಇರೋನು ಹೊಡೆದಾಟ ಯಾಕೆ ಮಾಡ್ಬೇಕು

ಗುಂಡ ಟೊರಾಂಟೊ: ಫೈಟ್ ಬಿಡೋ, ಅದು ತೋರಿಕೆ. ಅಸಲಿ ಕೆಲ್ಸ ಮೂಲೆಲಿ ನಡಿಯತ್ತೆ. ಪಕ್ (ಚೆಂಡಿನ ಬದಲು ಇರೋ ರಬ್ಬರ್ ಬಿಲ್ಲೆ) ಗೋಡೆಗೆ ಹೋಗಿ ಬೀಳತ್ತೆ, ಇಬ್ರು ಮೂವರು ಮೈಮೇಲೆ ಬಿದ್ದಿರ್ತಾರೆ, ಬೆನ್ನು ಕೊಟ್ಟು ಅದನ್ನ ಕಾಪಾಡ್ಕೊಂಡು ಈಚೆ ತರ್ಬೇಕು, ಆಮೇಲೆ ಗೋಲಿ, ಅಂದ್ರೆ ಗೋಲ್‌ಕೀಪರ್, ಮುಂದೆ ಹೋಗಿ ಅವನ ಕಣ್ಣಿಗೆ ಅಡ್ಡ ನಿಲ್ಬೇಕು, ಹಿಂದಿಂದ ಸೊಂಟಕ್ಕೆ ತಿವೀತಿರ್ತಾರೆ, ಅಷ್ಟರಲ್ಲೂ ದೂರದಿಂದ ಬಂದ ಶಾಟ್‌ಗೆ ಸ್ಟಿಕ್ ತುದಿ ತಾಗಿಸಿ ದಿಕ್ಕು ಬದಲಾಯಿಸ್ಬೇಕು. ಇದು ಸ್ಟಿಕ್ ವರ್ಕ್ ಅಲ್ವಾ?

ಪೂವಿ ಮಡಿಕೇರಿ: ಸರಿ ಆ ಮ್ಯಾಚ್ ಅಮೆರಿಕಾ 3-1 ಗೆದ್ತು. 5 ದಿನ ಬಿಟ್ಟು ಅದೇ ಟೂರ್ನಿ ಫೈನಲ್ ಗೆದ್ದಿದ್ದು ಯಾರು? ಕೆನಡಾ. ಓವರ್‌ಟೈಮ್ ಗೋಲು ಮೆಕ್‌ಡೇವಿಡ್. ಅವನು ಯಾರ ಕೊರಳಪಟ್ಟಿ ಹಿಡಿದ? ಗೂಗಲ್ ನಂಗೂ ಬರತ್ತೆ 😏

ಗುಂಡ ಟೊರಾಂಟೊ: ಹಾಗಾದ್ರೆ ಇದನ್ನೂ ಗೂಗಲ್ ಮಾಡು, 2024, 2025 ಎರಡೂ ಸ್ಟ್ಯಾನ್ಲಿ ಕಪ್ (ಇಲ್ಲಿನ ಕ್ಲಬ್ ಲೀಗ್ ಕಪ್) ಫೈನಲ್‌ನಲ್ಲಿ ಮೆಕ್‌ಡೇವಿಡ್‌ನ ಎಡ್ಮಂಟನ್ ಸೋತಿದ್ದು ಯಾರಿಗೆ. ಫ್ಲೋರಿಡಾ. ಕಚಕ್ ಟೀಮು!! ಅದೇ ವಿಡಿಯೋದಲ್ಲಿ ಅವನ ತಮ್ಮನ ಜೊತೆ ಗುದ್ದಾಡ್ತಿರೋ ಸ್ಯಾಮ್ ಬೆನೆಟ್ ಕೂಡ ಫ್ಲೋರಿಡಾದೋನೇ, 2025 ಪ್ಲೇಆಫ್‌ನಲ್ಲಿ 15 ಗೋಲು, ಬೆಸ್ಟ್ ಪ್ಲೇಯರ್ ಅವನೇ

ಪೂವಿ ಮಡಿಕೇರಿ: 🙄

ಶೈಲಾ ಬಾಸ್ಟನ್: ನಮ್ಮೂರಲ್ಲಿ ಈ ಥರದ ಆಟ ಅಂದ್ರೆ ಕ್ಯಾಮ್ ನೀಲಿ ಹೆಸರೇ ಮೊದಲು. 1986ರಲ್ಲಿ ವ್ಯಾಂಕೂವರ್‌ನೋರು ಅವನನ್ನ ಬಿಟ್ಕೊಟ್ರು, ಇಲ್ಲಿ ಬಂದು ಗುದ್ದೋದೂ ಅವನೇ ಗೋಲ್ ಹೊಡಿಯೋದೂ ಅವನೇ. ಆದ್ರೆ ಗುಂಡ, ಪೂರ್ತಿ ಕಥೆ ಹೇಳೋ. 1991ರಲ್ಲಿ ಒಂದು ಡಿಕ್ಕಿಗೆ ತೊಡೆಗೆ ಏಟು ಬಿದ್ದು ಒಳಗಿನ ಮಾಂಸಖಂಡ ಮೂಳೆ ಥರ ಗಟ್ಟಿಯಾಯ್ತು, ಮಂಡಿ ಹೋಯ್ತು, ಆ ಮಂಡಿಲೇ 93-94 ಸೀಸನ್‌ನ ತನ್ನ 44ನೇ ಮ್ಯಾಚಿಗೆ 50 ಗೋಲು ಮುಟ್ಟಿಸಿದ, ಅಬ್ಬಾ ಅನ್ಸತ್ತೆ. ಕೊನೆಗೆ ಸೊಂಟದ ಕೀಲೂ ಕೈಕೊಟ್ಟು 1996ಕ್ಕೆ ರಿಟೈರ್, ಬರೀ 31 ವಯಸ್ಸು. ನಾವು 31ಕ್ಕೆ ಹೋಮ್ ಲೋನ್ ಶುರು ಮಾಡಿದ್ವಿ

ಗುಂಡ ಟೊರಾಂಟೊ: ಹ್ಞೂಂ ಅದು ನಿಜ

ಶೈಲಾ ಬಾಸ್ಟನ್: ನಿನ್ ಮಗನಿಗೆ 12 ಅಲ್ವಾ? ಕೆನಡಾದಲ್ಲಿ ಆ ವಯಸ್ಸಿನವ್ರಿಗೆ ಬಾಡಿ ಚೆಕ್ (ಮೈಯಿಂದ ಡಿಕ್ಕಿ ಹೊಡಿಯೋದು) 2013ರಲ್ಲೇ ನಿಲ್ಸಿದ್ರು. ಮುಂದಿನ ವರ್ಷ ಚೆಕ್ ಇರೋ ಟೀಮಿಗೆ ಹಾಕ್ತೀಯಾ?

ಗುಂಡ ಟೊರಾಂಟೊ: ಅವನು ಗೋಲಿ ಆಗ್ತೀನಿ ಅಂತಿದಾನೆ

ಪೂವಿ ಮಡಿಕೇರಿ: ಅವನು ಅಂದಿದ್ದೋ ನೀನು ಅನ್ಸಿದ್ದೋ

ಗುಂಡ ಟೊರಾಂಟೊ: ಅವರಮ್ಮ