ಸಿಗರೇಟ್ ಬಿಟ್ಟು 40 ದಿನ, ತೂಕ 4 ಕೆಜಿ ಜಾಸ್ತಿ. ಏನು ಮಾಡಲಿ?

ಕಲಬುರಗಿ_ಹುಡುಗ:
12 ವರ್ಷದ ಚಟ ಬಿಟ್ಟಿದ್ದೇನೆ. ಖುಷಿ ಇದೆ. ಆದರೆ ಕೈ ಸುಮ್ನೆ ಇರಲ್ಲ, ಸಂಜೆ ಚಹಾದಂಗಡಿ ಮುಂದೆ ನಿಂತರೆ ಮೊದಲು ಬೆಂಕಿಪೊಟ್ಟಣ ಹುಡುಕುತ್ತಿದ್ದ ಬೆರಳು ಈಗ ಮಿರ್ಚಿ ಭಜಿ ಕಡೆ ಹೋಗುತ್ತವೆ. ದಿನಕ್ಕೆ ಒಂದೆರಡು ಸೇದು, ತೂಕ ತಾನೇ ಇಳಿಯುತ್ತೆ ಅಂತಾನೆ ಗೆಳೆಯ. ಭಯ ಆಗ್ತಿದೆ.

ರೊಟ್ಟಿ_ಹಿಂಡಿ:
ಆ ಮಾತು ಕೇಳಬೇಡಿ ಅಣ್ಣಾ. ನಾನೂ ಹಾಗೇ "ಒಂದೇ" ಅಂತ ಹಚ್ಚಿದ್ದೆ, ವಾರದಲ್ಲಿ ಪೂರ್ತಿ ಪ್ಯಾಕಿಗೆ ಬಂದು ನಿಂತಿತು. ನಿಕೋಟಿನ್ ಹಸಿವನ್ನು ಅಡಗಿಸಿಡುತ್ತೆ, ಅದು ಹೋದ ಮೇಲೆ ಹಸಿವು, ನಾಲಿಗೆ ರುಚಿ ಎರಡೂ ವಾಪಸ್ ಬರುತ್ತವೆ. ಮೊದಲ ವರ್ಷ 4-5 ಕೆಜಿ ಏರುವುದು ಸಾಮಾನ್ಯ. ನಾವು ಮೂವರು ದಿನಾ ಬೆಳಿಗ್ಗೆ 6ಕ್ಕೆ ಅಪ್ಪನ ಕೆರೆ ಹತ್ತಿರ ನಡೆಯುತ್ತೇವೆ, ಒಬ್ಬ ಬರದಿದ್ದರೆ ಉಳಿದಿಬ್ಬರು ಫೋನ್ ಮಾಡಿ ಎಬ್ಬಿಸುತ್ತೇವೆ. ನೀವೂ ಬನ್ನಿ.

ಬೀದರ್_ಅಕ್ಕ:
ಮನೆಯಲ್ಲಿ ಹೇಳಿದ್ದೀರಾ ತಮ್ಮಾ? ನಮ್ಮ ಮನೆಯವರು ಬಿಟ್ಟಾಗ ಅವರ ಅಂಗಿ ಜೇಬಿಗೆ ದಿನಾ ಬಡೆಸೋಪು, ಹುರಿದ ಕಡಲೆ ಪೊಟ್ಟಣ ಕಟ್ಟಿ ಇಡುತ್ತಿದ್ದೆ. ಸೇದುವ ಆಸೆ ಬಂದರೂ ಕೆಲವೇ ನಿಮಿಷ ಅಲ್ವಾ, ಅಷ್ಟರಲ್ಲಿ ನಿಧಾನಕ್ಕೆ ನೀರು ಕುಡಿಯಿರಿ. ಊಟ ಮಾತ್ರ ಬಿಡಬೇಡಿ, ಹಸಿದಾಗಲೇ ಆಸೆ ಜಾಸ್ತಿ. 1800-11-2356ಕ್ಕೆ ಕರೆ ಮಾಡಿ, ತಂಬಾಕು ಬಿಡುವವರಿಗೆ ಸರ್ಕಾರದ ಉಚಿತ ಸಹಾಯವಾಣಿ.

ಕಲಬುರಗಿ_ಹುಡುಗ:
ಅಕ್ಕಾ, ಮನೆಯಲ್ಲಿ ಇವತ್ತೇ ಹೇಳುತ್ತೇನೆ. ಅಣ್ಣಾ, ಕೆರೆ ಹತ್ತಿರ ಎಲ್ಲಿ ನಿಲ್ಲಲಿ? ನಾಳೆಯಿಂದಲೇ ಬರ್ತೀನಿ.